ಹೊತ್ತು ನೋಡಿ ಉಣ್ಣುವ ಊರು: ಕಲಬುರಗಿಯಲ್ಲಿ ಗೆಳೆಯರ ಜೊತೆ ನನ್ನ ಅನುಭವ

ಕಲಬುರಗಿಗೆ ಬಂದವರು 'ಇಲ್ಲಿ ಒಳ್ಳೆ ಹೋಟೆಲ್ ಯಾವುದು?' ಎಂದು ಕೇಳಿದರೆ ನಾನು 'ಎಷ್ಟೊತ್ತಿಗೆ ಹೋಗ್ತೀರಿ?' ಎಂದು ಮರಳಿ ಕೇಳುತ್ತೇನೆ. ಈ ಊರಿನ ರುಚಿ ಅಂಗಡಿಯ ಬೋರ್ಡಿಗಿಂತ ಹೆಚ್ಚಾಗಿ ಗಡಿಯಾರವನ್ನೂ ಪಂಚಾಂಗವನ್ನೂ ನಂಬಿಕೊಂಡಿದೆ. ಬೆಳಿಗ್ಗೆ ಎಂಟಕ್ಕೆ ಮೆತ್ತಗಿದ್ದ ಚುರುಮುರಿಯ ಸುಸಲಾ ಹನ್ನೊಂದರ ಹೊತ್ತಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಮಧ್ಯಾಹ್ನದ ತಹರಿ, ಅಂದರೆ ಮಾಂಸದ ಅನ್ನ, ಸಂಜೆಗೆ ಸಿಗುವುದಿಲ್ಲ. ಎಳ್ಳ ಅಮಾವಾಸ್ಯೆಯ ಭಜ್ಜಿ (ಹಸಿ ಕಾಳು, ಸೊಪ್ಪಿನ ಪಲ್ಯ) ತಪ್ಪಿದರೆ ಮುಂದಿನ ವರ್ಷವೇ.

ನಮ್ಮದು ಕಾಲೇಜಿನಿಂದ ಜೊತೆಗಿರುವ ಗುಂಪು. ಒಬ್ಬ ವಕೀಲ, ಒಬ್ಬಾಕೆ ನರ್ಸ್, ಒಬ್ಬನ ಮನೆಯವರದು ಗಂಜಿನಲ್ಲಿ (ಧಾನ್ಯದ ಸಗಟು ಮಾರುಕಟ್ಟೆಯಲ್ಲಿ) ಅಡತಿ, ಅಂದರೆ ದಲಾಲಿ ವ್ಯಾಪಾರ, ನಾನು ಹೈಸ್ಕೂಲ್ ಶಿಕ್ಷಕಿ. ಅರ್ಧ ಜನ ಮಾಂಸ ಮುಟ್ಟುವವರಲ್ಲ, ಇನ್ನರ್ಧ ಜನಕ್ಕೆ ಅದಿಲ್ಲದೆ ರವಿವಾರ ಆಗುವುದಿಲ್ಲ. ಇಂಥ ಗುಂಪು ಒಟ್ಟಿಗೆ ತಿರುಗಿ ಉಣ್ಣಬೇಕಾದರೆ ಒಂದೇ ಜಾಗದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಆಸೆ ಬಿಡಬೇಕು. ನಾವು ಒಂದು ಕಡೆ ಒಂದೇ ಪದಾರ್ಥ ತಿಂದು ಮುಂದಿನ ಕಡೆ ನಡೆಯುತ್ತೇವೆ. ಎಲ್ಲರೂ ಹಂಚಿಕೊಂಡೇ ತಿನ್ನುವುದು, ಯಾರೂ ತಮ್ಮದೇ ಬೇರೆ ಪ್ಲೇಟು ಹೇಳುವ ಹಾಗಿಲ್ಲ. ದುಡ್ಡು ಒಬ್ಬರ ಕೈಯಲ್ಲಿ ಮೊದಲೇ ಕೊಟ್ಟಿರುತ್ತೇವೆ, ಹೀಗಾಗಿ ಗಲ್ಲೆಯ ಮುಂದೆ 'ನಾ ಕೊಡ್ತೀನಿ, ನೀ ಬಿಡು' ಎಂಬ ಜಗ್ಗಾಟ ಇರುವುದಿಲ್ಲ. ಐದಾರು ಜನಕ್ಕಿಂತ ಹೆಚ್ಚಾದರೆ ಸಣ್ಣ ಖಾನಾವಳಿಯವರಿಗೆ ತ್ರಾಸ, ನಮಗೂ ಬಿಸಿದು ಸಿಗುವುದಿಲ್ಲ.

ಬೆಳಗಿನ ಸುತ್ತು ಸುಸಲಾ-ಮಿರ್ಚಿಯಿಂದ (ಮಿರ್ಚಿ ಅಂದರೆ ಮೆಣಸಿನಕಾಯಿ ಬಜ್ಜಿ). ಹೊರಗಿನ ಗೆಳೆಯರು ಸುಸಲಾವನ್ನು ಚುರುಮುರಿ ಉಪ್ಪಿಟ್ಟು ಅನ್ನುತ್ತಾರೆ, ಅನ್ನಲಿ. ಚುರುಮುರಿ ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಹಿಂಡುವ ಕೈ ಚಲೋ ಇದ್ದರೆ ಅರ್ಧ ರುಚಿ ಅಲ್ಲೇ ಬಂದಂತೆ. ನೀರು ಉಳಿದರೆ ಮುದ್ದೆಯಾಗುತ್ತದೆ, ಹೆಚ್ಚು ಹಿಂಡಿದರೆ ಒಣಗಿ ರವದಿಯಾಗುತ್ತದೆ. ಗಾಡಿಯ ಮುಂದೆ ನಿಂತು ನಾನು ಮೊದಲು ನೋಡುವುದು ಮಿರ್ಚಿ ಬಾಂಡಲಿಯನ್ನು. ಎಣ್ಣೆಯಲ್ಲಿ ಇನ್ನೂ ಮಿರ್ಚಿ ತೇಲುತ್ತಿದ್ದರೆ ಹೇಳುತ್ತೇನೆ, ಬರೀ ಬುಟ್ಟಿಯಲ್ಲಿ ಪೇರಿಸಿಟ್ಟಿದ್ದರೆ ಮುಂದಿನ ಘಾಣ (ಹೊಸದಾಗಿ ಕರಿದದ್ದು) ಬರುವವರೆಗೆ ಕಾಯುತ್ತೇನೆ. ಸೂಪರ್ ಮಾರ್ಕೆಟ್ ಕಡೆ ಬೆಳಿಗ್ಗೆ ಇಂಥ ಗಾಡಿಗಳ ಮುಂದೆ ನೌಕರಿಗೆ ಹೋಗುವವರು ನಿಂತಲ್ಲೇ ತಿಂದು ಹೋಗುತ್ತಾರೆ. ಅವರ ಕೈಯಲ್ಲಿರುವ ಪ್ಲೇಟೇ ನಮಗೆ ಶಿಫಾರಸು.

ತಹರಿಯ ಮಾತು ಬೇರೆ. 1948ರವರೆಗೆ ಈ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದಿ ಊಟದ ಬಳಕೆ ಇಲ್ಲಿ ಇನ್ನೂ ಗಟ್ಟಿಯಾಗಿದೆ, ಆದರೆ ಕಲಬುರಗಿಯ ತಹರಿಯನ್ನು ಹೈದರಾಬಾದಿನ ಬಿರಿಯಾನಿಯ ಜೊತೆ ಹೋಲಿಸಬೇಡಿ. ಬಿರಿಯಾನಿಗೆ ಪದರ ಬೇಕು, ದಮ್ ಬೇಕು. ತಹರಿಯಲ್ಲಿ ಮಾಂಸವೂ ಅಕ್ಕಿಯೂ ಒಂದೇ ನೀರಿನಲ್ಲಿ ಬೇಯುತ್ತವೆ. ಅರಿಶಿನದ ಹಳದಿ ಬಣ್ಣ, ಮಸಾಲೆ ಕಡಿಮೆ, ಮಾಂಸದ ರಸವೆಲ್ಲ ಅನ್ನಕ್ಕೆ. ಮುಸ್ಲಿಂ ಚೌಕ್ ಕಡೆ ದೇಗಿನಲ್ಲಿ (ದೊಡ್ಡ ಹಂಡೆಯಲ್ಲಿ) ತಹರಿ ಮಾಡುವ ಒಬ್ಬರನ್ನು 'ಭಾಯ್, ದೇಗ್ ಎಷ್ಟೊತ್ತಿಗಿ ತೆರೀತೀರಿ?' ಎಂದು ಕೇಳಿದ್ದಕ್ಕೆ, 'ಗ್ಯಾರಾ ಬಜೇ ಆವ್, ಏಕ್ ಬಜೇ ತೋ ಖತಂ' ಅಂದರು, ಹನ್ನೊಂದಕ್ಕೆ ಬನ್ನಿ, ಒಂದಕ್ಕೆಲ್ಲ ಮುಗಿದಿರುತ್ತದೆ ಅಂತ. ಆಮೇಲೆ ನಾವು ಆ ಮಾತನ್ನೇ ಪಾಲಿಸಿಕೊಂಡು ಬಂದಿದ್ದೇವೆ. ಮುಚ್ಚಳ ತೆಗೆದ ಮೊದಲ ಅರ್ಧ ಗಂಟೆಯ ತಹರಿಗೂ ದೇಗಿನ ತಳದಿಂದ ಕೆರೆದು ಹಾಕಿದ್ದಕ್ಕೂ ಅಜಗಜಾಂತರ. ಆ ಹೊತ್ತಿಗೆ ನಮ್ಮ ಸಸ್ಯಾಹಾರಿ ಗೆಳೆಯರು ಪಕ್ಕದ ಹೋಟೆಲಿನಲ್ಲಿ ಇರಾನಿ ಚಾ, ಉಸ್ಮಾನಿಯಾ ಬಿಸ್ಕತ್ತು ಹಿಡಿದು ಕೂತಿರುತ್ತಾರೆ. ಅರ್ಧ ಗಂಟೆಯಲ್ಲಿ ಮತ್ತೆ ಎಲ್ಲರೂ ಕೂಡುತ್ತೇವೆ.

ಕೂಡುವ ಜಾಗ ಖಾನಾವಳಿ. ನಿಜ ಹೇಳಬೇಕೆಂದರೆ ನನಗೆ ಈ ಊರಿನ ಊಟವೆಂದರೆ ಖಾನಾವಳಿಯೇ. ನೆಹರು ಗಂಜಿನ ಸುತ್ತ ಹಮಾಲರು, ಹಳ್ಳಿಯಿಂದ ತೊಗರಿ, ಕಡಲೆ ತಂದ ರೈತರು ಉಣ್ಣುವ ಸಣ್ಣ ಸಣ್ಣ ಖಾನಾವಳಿಗಳಿವೆ. ಅಲ್ಲಿಗೆ ಗದ್ದಲ ಇರುವ ಹೊತ್ತಿಗೇ ಹೋಗಬೇಕು. ಜಾಗ ಸಿಗಲು ನಿಲ್ಲಬೇಕಾದರೂ ಪರವಾಗಿಲ್ಲ. ಗದ್ದಲವಿದ್ದಾಗ ಹಂಚು ತಣ್ಣಗಾಗುವುದಿಲ್ಲ, ಪಲ್ಯದ ಪಾತ್ರೆ ಮತ್ತೆ ಮತ್ತೆ ಹೊಸದಾಗಿ ಬರುತ್ತದೆ.

ಒಂದು ಖಾನಾವಳಿಯಲ್ಲಿ ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನಾನು ಎದ್ದು ಒಳಗೆ ಇಣುಕಿ, 'ಅಕ್ಕಾ, ನಮಗೇನು ಅವಸರ ಇಲ್ರೀ, ಒಂದೊಂದೇ ಬಿಸಿದು ಹಾಕ್ರಿ' ಅಂದೆ. 'ಹಂಗಂದ್ರ ಇಲ್ಲೇ ಒಲಿ ಮುಂದ ಕೂಡ್ರಿ, ಹಂಚಿಂದ ಸೀದಾ ತಾಟಿಗಿ ಹಾಕ್ತೀನಿ' ಅಂದರು. ಅಲ್ಲಿ ಕೂತು ನೋಡಿದ್ದು ನನಗೆ ಬಹಳ ಕಲಿಸಿತು. ಪರಾತದಲ್ಲಿ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ, ಕೈ ಸುಡುವಾಗಲೇ ಕೂಡಿಸಿ, ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಬೇರೆ ತೆಗೆದು ಅಂಗೈಯ ಬುಡದಿಂದ ನಾದುತ್ತಿದ್ದರು. ಜೋಳದಲ್ಲಿ ಗೋಧಿಯಂಥ ಜಿಗುಟಿಲ್ಲ. ಹಿಟ್ಟು ಹರಿಯದಂತೆ ಹಿಡಿದಿಡುವುದು ಆ ಬಿಸಿನೀರು ಮತ್ತು ಆ ನಾದುವಿಕೆ. ಒಣ ಹಿಟ್ಟಿನ ಮೇಲೆ ಬಡಿಯುತ್ತಾ ಹೋದಂತೆ ರೊಟ್ಟಿ ತಾನಾಗಿ ತಿರುಗುತ್ತಾ ಅಗಲವಾಯಿತು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದರು. ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಿದರು. ಕೊನೆಗೆ ಒಲೆಯ ಬಾಯಿಗೆ ಒಡ್ಡಿದಾಗ ಒಂದು ಅಂಚಿನಿಂದ ಶುರುವಾಗಿ ಇಡೀ ರೊಟ್ಟಿ ಉಬ್ಬಿ ನಿಂತಿತು. ಅದನ್ನು ನಾಲ್ಕು ತುಂಡು ಮಾಡಿ ನಾಲ್ವರೂ ತಿಂದೆವು. ತಿಂದು ಮುಗಿಯುವಷ್ಟರಲ್ಲಿ ಮುಂದಿನದು ತಯಾರಿತ್ತು.

ತಾಟಿನಲ್ಲಿಟ್ಟ ಹತ್ತು ನಿಮಿಷದಲ್ಲಿ ಜೋಳದ ರೊಟ್ಟಿ ಬಿರುಸಾಗತೊಡಗುತ್ತದೆ. ಹಾಗಾಗಿ ಒಂದೇ ಸಲಕ್ಕೆ ನಾಲ್ಕೈದು ರೊಟ್ಟಿ ತಂದಿಡಲು ಹೇಳಬಾರದು. ಇಲ್ಲವೇ ಪೂರ್ತಿ ಒಣಗಿಸಿದ ಖಡಕ್ ರೊಟ್ಟಿಯನ್ನೇ ಕೇಳಿ, ಅದರ ರುಚಿ ಬೇರೆಯೇ. ನಡುವಿನ ಸ್ಥಿತಿಯ ರೊಟ್ಟಿಯಿಂದಲೇ ಎಷ್ಟೋ ಜನ ಹೊರಗಿನವರು 'ರೊಟ್ಟಿ ಗಟ್ಟಿ ಇರುತ್ತೆ' ಎಂದು ತೀರ್ಮಾನ ಮಾಡಿಬಿಡುತ್ತಾರೆ, ಅದಕ್ಕೆ ನನಗೆ ಬೇಜಾರು.

ಮೆನು ಕೇಳುವುದಕ್ಕಿಂತ 'ಇವತ್ತು ಪಲ್ಯ ಏನದ್ರೀ?' ಎಂದು ಕೇಳುವುದು ಚಲೋ. ಪುಂಡಿ ಪಲ್ಯ ಇದ್ದರೆ ಬೇರೆ ಯೋಚನೆ ಬೇಡ. ಹುಳಿ ಸೊಪ್ಪಿಗೆ ಬೇಳೆ, ಜೋಳದ ನುಚ್ಚು ಕೂಡಿಸಿ ಬೇಯಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿರುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಮೇಲೆ ಒಂದು ಚಮಚ ಎಣ್ಣೆಯೋ ಮೊಸರೋ. ಬದನೆಕಾಯಿ ಎಣ್ಣೆಗಾಯಿ ಎಲ್ಲ ಕಡೆ ಸಿಗುತ್ತದೆ. ಬ್ಯಾಳಿಯನ್ನು (ಬೆಂದ ತೊಗರಿ ಬೇಳೆಯನ್ನು) ಮಾತ್ರ ಕಡೆಗಣಿಸಬೇಡಿ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಮಾನ್ಯತೆ ಸಿಕ್ಕಿದೆ. ನಮ್ಮ ಅಡತಿ ಗೆಳೆಯ ಪ್ರತಿ ಖಾನಾವಳಿಯಲ್ಲೂ ಮೊದಲು ಬರೀ ಬ್ಯಾಳಿಯನ್ನೇ ಒಂದು ಚಮಚ ಬಾಯಿಗೆ ಹಾಕಿಕೊಂಡು, ಹೊಸ ಬೇಳೆಯೋ ಹಳೇದೋ ಹೇಳುತ್ತಾನೆ. ಹೊಸ ಬೇಳೆ ಬೇಗ ಬೆಂದು ಕರಗಿ, ಸಿಹಿ ಹತ್ತಿರ ಹತ್ತಿರ ಬರುತ್ತದಂತೆ. ಅವನ ಮಾತು ಕೇಳಿ ಕೇಳಿ ನನಗೂ ಈಗ ಆ ವ್ಯತ್ಯಾಸ ಗೊತ್ತಾಗುತ್ತದೆ.

ಜಾತ್ರೆಗಳಿಗೆ ಗಡಿಯಾರ ಸಾಲದು, ಪಂಚಾಂಗ ಬೇಕು. ಶರಣಬಸವೇಶ್ವರ ಜಾತ್ರೆಯ ತೇರು ಹೋಳಿ ಹುಣ್ಣಿಮೆಯ ನಂತರದ ಐದನೇ ದಿನ. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದು ಕೈಮುಗಿದ ಮೇಲೆ ನಮ್ಮ ತಿರುಗಾಟ. ತೇರಿನ ದಿನ ತಿನ್ನುವುದು ಕಷ್ಟ, ಕಾಲಿಡಲು ಜಾಗವಿರುವುದಿಲ್ಲ. ಎರಡು ದಿನ ಬಿಟ್ಟು ಸಂಜೆ ಹೋದರೆ ಮಿರ್ಚಿ, ಜಿಲೇಬಿ, ಬೆಂಡು-ಬತ್ತಾಸಿನ ಅಂಗಡಿಯವರಿಗೆ ಮಾತಾಡಲೂ ಪುರುಸೊತ್ತು ಇರುತ್ತದೆ. 2025ರಲ್ಲಿ ಹೋಳಿ ಮಾರ್ಚ್ 14ಕ್ಕೆ ಬಂತು, ರಂಜಾನ್ ತಿಂಗಳೂ ಅದೇ ಮಾರ್ಚ್‌ನಲ್ಲಿತ್ತು. ಒಂದೇ ವಾರದಲ್ಲಿ ಜಾತ್ರೆಯ ಜಿಲೇಬಿ, ಇಫ್ತಾರ್ ಮುಗಿದ ಮೇಲಿನ ಹಲೀಮ್ ಎರಡೂ ಸಿಕ್ಕವು. ಗೋಧಿ, ಬೇಳೆ, ಮಾಂಸ ಗಂಟೆಗಟ್ಟಲೆ ಬೆಂದು, ಕುಟ್ಟಿ ಕುಟ್ಟಿ ಒಂದಾದ ಹಲೀಮಿಗೆ ನಿಂಬೆಹುಳಿ ಹಿಂಡಿ, ಹುರಿದ ಉಳ್ಳಾಗಡ್ಡಿ ಉದುರಿಸಿ ರಸ್ತೆಯಲ್ಲೇ ನಿಂತು ತಿಂದೆವು.

ಸೂಫಿ ಸಂತ ಖಾಜಾ ಬಂದೇ ನವಾಜರ ಉರ್ಸು ಇಸ್ಲಾಮಿ ತಿಂಗಳ ಲೆಕ್ಕದಲ್ಲಿ ಬರುವುದರಿಂದ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಝುಲ್-ಖಾದಾ ತಿಂಗಳ 15ರಿಂದ ಮೂರು ದಿನ. ಇತ್ತೀಚೆಗೆ ಅದು ಮೇ ತಿಂಗಳ ಸುಡು ಬಿಸಿಲಿಗೆ ಬಂದು ನಿಂತಿದೆ, ಹಾಗಾಗಿ ರಾತ್ರಿ ಊಟದ ಹೊತ್ತು ದಾಟಿದ ಮೇಲೆಯೇ ನಾವು ಹೋಗುವುದು. ಅಲ್ಲಿ ಹಲ್ವಾ-ಪರಾಠಾ ತಿನ್ನಲೇಬೇಕು. ದೊಡ್ಡ ಬಾಂಡಲಿಯಲ್ಲಿ ಕರಿದ ಅಗಲವಾದ ಪರಾಠಾವನ್ನು ಹರಿದು, ತೂಕ ಮಾಡಿ ಕೊಡುತ್ತಾರೆ, ಮೇಲೆ ಬಿಸಿ ರವೆ ಹಲ್ವಾ. ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಒಂದೇ ಕಾಗದದಿಂದ ತಿನ್ನಬಹುದಾದ ತಿನಿಸು, ನಮ್ಮ ಗುಂಪಿಗಂತೂ ಇದು ಹೇಳಿ ಮಾಡಿಸಿದಂತಿದೆ.

ಸಿರಿಧಾನ್ಯ ಮೇಳ, ಆಹಾರ ಮೇಳಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಇಂಥ ಮೇಳಗಳ ಸುದ್ದಿ ಹೆಚ್ಚಾಗಿ ಕಿವಿಗೆ ಬೀಳುತ್ತಿದೆ, ಸಂತೋಷ. ಆದರೆ ಎಷ್ಟೋ ಕಡೆ ಬಾಗಿಲಲ್ಲೇ ಗೋಬಿ ಮಂಚೂರಿ, ಪಾನಿಪುರಿಯ ಮಳಿಗೆ ನಿಲ್ಲಿಸಿ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳನ್ನು ಹಿಂದಿನ ಸಾಲಿಗೆ ತಳ್ಳಿರುತ್ತಾರೆ. ನಾವು ಒಳಗೆ ಹೋದವರೇ ಏನೂ ಕೊಳ್ಳದೆ ಒಂದು ಸುತ್ತು ಹಾಕಿ, ಸ್ವಸಹಾಯ ಸಂಘದವರ ಮಳಿಗೆ ಹುಡುಕುತ್ತೇವೆ. ಸಜ್ಜೆ ಕಡುಬು, ನವಣಕ್ಕಿ ಹುಗ್ಗಿ, ಶೇಂಗಾ ಹೋಳಿಗೆ, ಮಾದಲಿ ಅಲ್ಲಿ ಸಿಗುತ್ತವೆ. 'ಕಲಬುರಗಿ ರೊಟ್ಟಿ' ಹೆಸರಿನಲ್ಲಿ ಮಾರಾಟಕ್ಕೆ ಬಂದಿರುವ ಖಡಕ್ ರೊಟ್ಟಿಯ ಹಿಂದೆ ಇಂಥ ಹೆಣ್ಣುಮಕ್ಕಳ ಕೈಗಳೇ ಇವೆ. ಊರಿಗೆ ಮರಳುವ ಗೆಳೆಯರಿಗೆ ಕಟ್ಟಿಕೊಡಲು ಅದಕ್ಕಿಂತ ಒಳ್ಳೆಯದಿಲ್ಲ, ತೇವ ತಾಗದಿದ್ದರೆ ಎಷ್ಟೋ ದಿನ ಇರುತ್ತದೆ.

ಇಷ್ಟೆಲ್ಲ ಹೇಳಿದರೂ ವರ್ಷದ ದೊಡ್ಡ ಊಟಕ್ಕೆ ಟಿಕೆಟ್ಟೂ ಇಲ್ಲ, ಮಳಿಗೆಯೂ ಇಲ್ಲ. ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆಯ ದಿನ ಊರು ಖಾಲಿಯಾಗಿ ಹೊಲ ತುಂಬುತ್ತದೆ. ಹೊಲದಲ್ಲಿ ಪೂಜೆ ಮಾಡಿ, ಚರಗ (ಅಡುಗೆಯ ನೈವೇದ್ಯ) ಹೊಲದ ತುಂಬ ಚೆಲ್ಲಿ, ಆಮೇಲೆ ಸಾಲಾಗಿ ಕೂತು ಉಣ್ಣುವುದು. ಎಳೆ ತೊಗರಿ, ಅವರೆ, ಕಡಲೆ, ಬಟಾಣಿಯ ಹಸಿ ಕಾಳುಗಳಿಗೆ ಮೆಂತ್ಯ, ಪಾಲಕ್ ಸೊಪ್ಪು, ಗಜ್ಜರಿ, ಹುಣಸೆಹುಳಿ, ಕಡಲೆ ಹಿಟ್ಟು ಕೂಡಿಸಿ ಮಾಡಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಅವತ್ತು ಯಾರ ಹೊಲಕ್ಕೆ ಹೋದರೂ 'ಬರ್ರಿ, ಉಣ್ಣಾಕ ಕೂಡ್ರಿ' ಅನ್ನುತ್ತಾರೆ. ಪಟ್ಟಣದ ಗೆಳೆಯರನ್ನು ಕರೆದುಕೊಂಡು ಹೋಗುವುದಾದರೆ ಬರಿಗೈಯಲ್ಲಿ ಹೋಗಬೇಡಿ, ಮನೆಯಲ್ಲಿ ಮಾಡಿದ ಹೋಳಿಗೆಯನ್ನೋ ಹಣ್ಣನ್ನೋ ಒಯ್ಯಿರಿ.

ಆ ದಿನಕ್ಕೆ ಬರಲಾಗದವರು ಸೀತನಿಗೆ ಬರಬಹುದು. ಹಿಂಗಾರಿ ಜೋಳದ ತೆನೆಯಲ್ಲಿ ಕಾಳು ಹಾಲು ಕಟ್ಟಿ, ಇನ್ನೂ ಗಟ್ಟಿಯಾಗದ ಕೆಲವೇ ದಿನಗಳ ಊಟ ಅದು. ಬಿತ್ತನೆ ಯಾವಾಗ ಆಗಿದೆ ಎಂಬುದರ ಮೇಲೆ ಹೊಲದಿಂದ ಹೊಲಕ್ಕೆ ದಿನ ಬೇರೆ, ಆದ್ದರಿಂದ ಡಿಸೆಂಬರ್ ಕೊನೆಗೇ ಪರಿಚಯದ ರೈತರಿಗೆ ಫೋನು ಮಾಡಿ ಹೇಳಿಟ್ಟಿರಬೇಕು. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಹೊಟ್ಟು ಕೇರಿ, ಹಸಿರು ಕಾಳು ಕೈಗೆ ಕೊಡುತ್ತಾರೆ. ಹೊಲದಲ್ಲಿ ತೆನೆ, ಬೆಂಕಿ ಇರುತ್ತವೆ, ಉಳಿದದ್ದು ನಿಮ್ಮ ಜವಾಬ್ದಾರಿ: ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು, ಕುಡಿಯುವ ನೀರು. ಹಿಂಡಿ ಮಾತ್ರ ಜಾಸ್ತಿಯೇ ಒಯ್ಯಿರಿ, ಸೀತನಿಯ ಮುಂದೆ ಅದು ಎಷ್ಟಿದ್ದರೂ ಸಾಲುವುದಿಲ್ಲ.