ಒಂದೇ ಗ್ರಾಫ್, ಎರಡು ಓದು: ಆರ್ ಅಂಡ್ ಡಿ ದುಡ್ಡು ಪಾಸ್ ಮಾಡಿಸಿದ ನನ್ನ ಅನುಭವ

"ಪ್ರಸ್ತಾವದ ಮೊದಲ ಪುಟ ಬದಲಾಯಿಸಿದರೆ ದುಡ್ಡು ಬರುತ್ತಾ?" ಅಂತ ನಕ್ಕವರೇ ಈಗ ನನ್ನ ಫೈಲ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪಂಪಿನ ಹೊಸ ಸೀಲ್ (ಸೋರದಂತೆ ತಡೆಯುವ ರಬ್ಬರ್ ಭಾಗ) ಮೇಲಿನ ಸಂಶೋಧನೆ ಮತ್ತು ಅಭಿವೃದ್ಧಿಗೆ, ಅಂದರೆ ಆರ್ ಅಂಡ್ ಡಿಗೆ, ಎರಡು ಕಡೆ ಒಪ್ಪಿಗೆ ಬೇಕಿತ್ತು: ಅಮೆರಿಕದ ಸಮಿತಿ, ಚೀನಾದ ಪಾಲುದಾರರು. ಇಬ್ಬರಿಗೂ ಒಂದೇ ಶೀಟ್ ಕಳಿಸಿದೆ. ಹಳೆ ಸೀಲಿನ ಮಾರಾಟ ವರ್ಷಕ್ಕೆ ಸುಮಾರು 8% ಏರುತ್ತಿತ್ತು. ಅಮೆರಿಕದವರು, "ಚೆನ್ನಾಗಿ ಹೋಗ್ತಿದೆಯಲ್ಲ, ಹೊಸದು ಯಾಕೆ?" ಎಂದರು. ಚೀನಾದವರು, "ಇಷ್ಟು ಏರಿದೆ, ಇಳಿಯೋದು ಯಾವಾಗ? ಆಗ ರಬ್ಬರ್ ಕೊಡುವವರ ಕಥೆ ಏನು?" ಎಂದರು. ನನ್ನ ಶೀಟಿನಲ್ಲಿ ಉತ್ತರ ಇರಲಿಲ್ಲ. ಮುಂದಿನ ವರ್ಷ ಮಾರಾಟ ಇಳಿಯಿತು. ಆಗ ಉಲ್ಟಾ. ಅಮೆರಿಕದವರಿಗೆ ಅದು ಮುಳುಗುವ ಸರಕು, ಚೀನಾದವರಿಗೆ ಮತ್ತೆ ಏರುವ ಸರಕು, ಸ್ವಲ್ಪ ಕಾಯಿರಿ! ಹತ್ತಿರ ಹತ್ತಿರ ಒಂದೂವರೆ ವರ್ಷ, ಎರಡು ಅಚ್ಚಿನ ಖರ್ಚು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಮೇಲೆ ಮನಶ್ಶಾಸ್ತ್ರಜ್ಞೆ ಲಿ-ಜುನ್ ಜಿ ಮತ್ತು ಸಂಗಡಿಗರ 2008ರ ಅಧ್ಯಯನ ಕಣ್ಣಿಗೆ ಬಿತ್ತು. ಬೀಳುತ್ತಿರುವ ಷೇರನ್ನು ಮಾರಲು ಕೆನಡಾದವರು ಹೆಚ್ಚು ತಯಾರು, ಚೀನೀಯರು ಅಷ್ಟಿಲ್ಲ. ಅಯ್ಯೋ, ಇದು ನನ್ನ ಮೀಟಿಂಗೇ ಅಲ್ವಾ!

ಮೂರನೇ ಸಲ ಎರಡು ಮೊದಲ ಪುಟ ಮಾಡಿದೆ. ಒಳಗಿನ ಅಂಕಿಗಳನ್ನು ಮುಟ್ಟಲಿಲ್ಲ. ಅಮೆರಿಕಕ್ಕೆ ಮೂರು ಹಂತ, ಪ್ರತಿ ಹಂತಕ್ಕೂ "ಇಷ್ಟು ಸೋರಿದರೆ ನಿಲ್ಲಿಸುತ್ತೇವೆ" ಎಂಬ ಒಂದೇ ಸಾಲು. ಚೀನಾಕ್ಕೆ ಹತ್ತು ವರ್ಷದ ಏರಿಳಿತದ ಗ್ರಾಫ್, ಅದರ ಕೆಳಗೆ ರಬ್ಬರ್ ದರ, ಪಂಪ್ ತಯಾರಕರು, ಎದುರಾಳಿಗಳು. ನೂರು ಕೇಳಿದ್ದಕ್ಕೆ ಎಂಬತ್ತರ ಹತ್ತಿರ ಸಿಕ್ಕಿತು. ಮೀಟಿಂಗಿಗೆ ಮೊದಲು ಯಾರಿಗೆ ಯಾವ ಪುಟ ತೋರಿಸಿದೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ.

ಸುಮ್ನೆ ಒಮ್ಮೆ ಪುಟಗಳನ್ನು ಅದಲುಬದಲು ಮಾಡಿಯೂ ನೋಡಿದೆ. ಅಮೆರಿಕದ ಸಮಿತಿಯಲ್ಲಿದ್ದ ಹಳೆ ಎಂಜಿನಿಯರ್ ಒಬ್ಬರಿಗೆ ಹತ್ತು ವರ್ಷದ ಗ್ರಾಫೇ ಜಾಸ್ತಿ ಹಿಡಿಸಿತು. ಪಾಸ್‌ಪೋರ್ಟ್ ನೋಡಿ ಪುಟ ಹಂಚಬೇಡಿ.

ಎಲ್ಲದಕ್ಕೂ ಯೋಚನೆಯ ರೀತಿಯೇ ಕಾರಣ ಅನ್ನಬೇಡಿ, ಲೆಕ್ಕದ ನಿಯಮವೂ ಇದೆ. ಅಮೆರಿಕದ ಲೆಕ್ಕದಲ್ಲಿ ಆರ್ ಅಂಡ್ ಡಿ ಬಹುಪಾಲು ಆ ವರ್ಷದ ಖರ್ಚೇ, ಲಾಭಕ್ಕೆ ನೇರ ಪೆಟ್ಟು. ಚೀನಾದ ನಿಯಮದಲ್ಲಿ ಷರತ್ತು ಪೂರೈಸಿದರೆ ಅಭಿವೃದ್ಧಿ ಹಂತದ ಖರ್ಚನ್ನು ಆಸ್ತಿಯಾಗಿ ತೋರಿಸಬಹುದು. ಇದನ್ನು ಮರೆತು ಒಂದು ಮೀಟಿಂಗ್ ಕೆಡಿಸಿಕೊಂಡಿದ್ದೇನೆ.

ಎರಡನೇ ಹಂತದ ದುಡ್ಡೂ ಬಂದಿದೆ. ಸೀಲ್ ಇನ್ನೂ ಸೋರುತ್ತಿದೆ, ಅದು ಬೇರೆ ಕಥೆ.