ಹುಣಸೆಮರದ ಜೇನು ಕಿತ್ತಿದ್ದು ಯಾರು?

ಚಿತ್ರದುರ್ಗದ ಜೋಗಿಮಟ್ಟಿ ಕಾಡಂಚಿಗೆ ಹೊಲ ಇರೋರಿಗೆ ಇದು ಗೊತ್ತಿದ್ದರೆ ಒಳ್ಳೇದು. ಬದುವಿನ ಹುಣಸೆಮರದ ಪೊಟರೆಯಲ್ಲಿ ತುಡುವೆ ಜೇನು ಕೂತಿರುತ್ತೆ. ಒಂದು ಬೆಳಗ್ಗೆ ನೋಡಿದರೆ ಪೊಟರೆ ಬಾಯಿ ಕಿತ್ತುಹೋಗಿ, ಎರಿ ಚೂರು ಬುಡದಲ್ಲಿ ಬಿದ್ದಿರುತ್ತೆ. ಆಗಲೇ ಹತ್ತಿರ ಹೋಗಬೇಡಿ. ಬಿಸಿಲೇರಲಿ, ಜೊತೆಗೊಬ್ಬರು ಇರಲಿ, ಜೋರಾಗಿ ಮಾತಾಡ್ತಾ ಹೋಗಿ. ಮರಿ ಹೊತ್ತ ತಾಯಿ ಕರಡಿ ಪೊದೆಯಲ್ಲೇ ಇದ್ದರೆ ಓಡೋಕೂ ಪುರುಸೊತ್ತು ಸಿಗಲ್ಲ.

ಮೊದಲು ತೊಗಟೆ ನೋಡಿ. ಕರಡಿ ಹತ್ತಿದ್ದರೆ ಉಗುರಿನ ಗೀರು ಸಾಲಾಗಿ, ಆಳವಾಗಿ ಇರ್ತವೆ. ಇಳಿಯುವಾಗ ಜಾರಿದ್ದರೆ ಗೀರು ಇನ್ನೂ ಉದ್ದ. ಒಳಗಿನ ತಿಳಿಬಣ್ಣ ಹಸಿಯಾಗಿ ಕಂಡರೆ ಹೊಸದು, ಕಪ್ಪಿಟ್ಟಿದ್ದರೆ ಹಳೇದು. ಚಿರತೆಯೂ ಮರ ಪರಚುತ್ತೆ, ಆದರೆ ಅದಕ್ಕೆ ಪೊಟರೆ ಗೊಡವೆ ಇಲ್ಲ. ಮೆತ್ತನೆ ಮಣ್ಣಿದ್ದರೆ ಹಿಂಗಾಲಿನ ಗುರುತು ಹುಡುಕಿ: ಬರಿಗಾಲಲ್ಲಿ ಮನುಷ್ಯ ನಡೆದ ಹಾಗೇ ಇರುತ್ತೆ, ಬೆರಳ ಮುಂದೆ ಉಗುರಿನ ಚುಕ್ಕಿ. ಸುತ್ತ ಹುತ್ತ ಅಗೆದಿದ್ದರೆ ಅನುಮಾನವೇ ಬೇಡ. ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲೇ ಇಲ್ಲ, ಆ ಸಂದಿಯಿಂದಲೇ ಗೆದ್ದಲು ಹೀರುತ್ತೆ. ರಾತ್ರಿ ಆ ಸದ್ದು ದೂರಕ್ಕೂ ಕೇಳುತ್ತೆ.

ತರಕರಡಿಯೂ (ಹನಿ ಬ್ಯಾಡ್ಜರ್) ಜೇನು ಕೀಳುತ್ತೆ, ಕಣ್ಣಿಗೆ ಬೀಳೋದು ಅಪರೂಪ. ಕೊಡಲಿ ಏಟು, ಹೊಗೆ ಮಸಿ ಕಂಡರೆ ಬಂದದ್ದು ಊರಿನ ಕರಡಿ, ಅದರ ಹೆಸರು ನಿಮಗೇ ಗೊತ್ತಿರುತ್ತೆ.

ಕೊಂಬೆಯ ಹೆಜ್ಜೇನು ಹರಿದಿದ್ದು, ಮರದಲ್ಲಿ ಒಂದು ಗೀರೂ ಇಲ್ಲ ಅಂದರೆ ಆಕಾಶ ನೋಡಿ. ಜೇನುಗಿಡುಗ ಹಗಲಲ್ಲೇ ಬಂದು ಮರಿಹುಳ ತುಂಬಿದ ಎರಿ ಕೀಳುತ್ತೆ. ರೊಚ್ಚಿಗೆದ್ದ ಹುಳ ಕೆಳಗಿದ್ದವರ ಮೇಲೆ ಬೀಳ್ತವೆ. ಆವತ್ತು ಆ ಮರದ ಕಡೆ ದನ ಬಿಡಬೇಡಿ.

ಇನ್ನು ಮಾಡೋ ಕೆಲಸ. ಕರಡಿ ರುಚಿ ಕಂಡ ಜಾಗಕ್ಕೆ ಮತ್ತೆ ಬರುತ್ತೆ, ಅದಕ್ಕೆ ಬಿದ್ದ ಎರಿ ಅಲ್ಲೇ ಬಿಡಬಾರದು. ಹುಳ ಮುತ್ತಿಲ್ಲ ಅಂದರೆ ಮಾತ್ರ ಮುಚ್ಚಳದ ಬಕೆಟ್‌ಗೆ ತುಂಬಿ ತೆಗೆಯಿರಿ. ಕೆಲವು ದಿನ ಬಿಟ್ಟು ದೂರದಿಂದ ನೋಡಿ. ಕಾಲಿಗೆ ಪರಾಗ ಅಂಟಿಸಿಕೊಂಡ ಹುಳ ಒಳಗೆ ಹೋಗ್ತಿದ್ದರೆ ಸಂಸಾರ ಉಳಿದಿರಬಹುದು, ಹಾಗೇ ಬಿಡಿ. ತುಡುವೆ ಗಲಾಟೆಯಾದರೆ ಗೂಡು ಬಿಟ್ಟೇ ಹೋಗುತ್ತೆ. ಹುಳ ಪೂರ್ತಿ ಹೋದಮೇಲೆ ಬೇಕಾದರೆ ಪೊಟರೆ ಬಾಯಿಗೆ ಚಪ್ಪಡಿ ಚೂರು ಇಟ್ಟು ಮಣ್ಣು ಮೆತ್ತಿ, ಬೆರಳು ಹೋಗುವಷ್ಟು ಸಂದಿ ಬಿಡಿ, ಬೇರೆ ಹಿಂಡು ಬರಬಹುದು. ಇದರಿಂದ ಕರಡಿಯೇನೂ ನಿಲ್ಲಲ್ಲ. ತೆಂಗಿಗೆ ಇಲಿ ಹತ್ತದಂತೆ ಸುತ್ತುವ ತಗಡು ಸುತ್ತಿ ಅನ್ನೋರಿದ್ದಾರೆ. ಆದರೆ ಹುಣಸೆ ಬುಡ ಬರೀ ಗಂಟು, ಕರಡಿಗೆ ಹಿಡಿತ ಸಿಕ್ಕೇ ಸಿಗುತ್ತೆ.

ಉರುಳು, ಬೇಲಿಗೆ ಕರೆಂಟ್ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹೆಚ್ಚಿನ ರಕ್ಷಣೆ ಇರೋ ಮೊದಲ ಪಟ್ಟಿಯ ಪ್ರಾಣಿ ಕರಡಿ. ಅರಣ್ಯ ಇಲಾಖೆಗೆ ತಿಳಿಸಿ. ರಾತ್ರಿ ತ್ರೀಫೇಸ್ ಬಂತು ಅಂತ ಮೋಟರ್ ಹಾಕೋಕೆ ಹೋಗೋರು ಸ್ವಲ್ಪ ದಿನ ಆ ಮರದ ದಾರಿ ಬಿಟ್ಟು ಸುತ್ತಿ ಹೋಗಿ. ಬ್ಯಾಟರಿ ಜೊತೆಗೆ ಮೊಬೈಲಲ್ಲಿ ಹಾಡೂ ಜೋರಾಗಿರಲಿ.