ಮೂರು ಕಾಲದ ಹೊಲಗಳಲ್ಲಿ ಒಂದು ದಿನ: ನನ್ನ ಅನುಭವ

ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡೆ ಮೊಯ್ನ್‌ಗೆ ಹೊಂದಿಕೊಂಡಿರುವ ಅರ್ಬನ್‌ಡೇಲ್‌ನಲ್ಲಿ ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ ಎಂಬ ಬಯಲು ವಸ್ತುಸಂಗ್ರಹಾಲಯವಿದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಮರ್ರೆ ಅವರು 1970ರಲ್ಲಿ ಇದನ್ನು ಸ್ಥಾಪಿಸಿದರು. ಸುಮಾರು 500 ಎಕರೆಯ ಈ ಜಾಗದಲ್ಲಿ 1700ರ ಅಯೋವೇ ಬುಡಕಟ್ಟಿನವರ ಹೊಲ, 1850ರ ವಲಸಿಗರ ಹೊಲ, 1900ರ ಕುದುರೆ ಬೇಸಾಯದ ಹೊಲ ಮತ್ತು 1876ರ ಒಂದು ಪುಟ್ಟ ಪೇಟೆ ಇವೆ. ಆಯಾ ಕಾಲದ ಉಡುಪು ತೊಟ್ಟವರು ಉಳುವುದು, ಅಡುಗೆ ಮಾಡುವುದು, ಕಬ್ಬಿಣ ಕಾಯಿಸಿ ಬಡಿಯುವುದು ಮುಂತಾದ ಕೆಲಸಗಳನ್ನು ನಮ್ಮ ಕಣ್ಣೆದುರೇ ಮಾಡುತ್ತಾರೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳನ್ನೂ, ಊರಿನಿಂದ ಬಂದಿದ್ದ, ಬೇಸಾಯದ ಮನೆಯಲ್ಲೇ ಬದುಕು ಕಳೆದ ಅತ್ತೆಯವರನ್ನೂ ಕರೆದುಕೊಂಡು ನಾವು ಅಲ್ಲಿಗೆ ಹೋಗಿದ್ದೆವು.

ಹೊರಡುವ ಮೊದಲು ನಾನು ನಿರ್ಧರಿಸಿದ್ದು ಎರಡೇ ವಿಷಯ. ಮೊದಲನೆಯದು, ಪೇಟೆಯನ್ನು ಕೊನೆಗೆ ಇಟ್ಟುಕೊಂಡು ಹೊಲಗಳನ್ನು ಕಾಲಾನುಕ್ರಮದಲ್ಲಿಯೇ ನೋಡುವುದು. ಎರಡನೆಯದು, ಪ್ರತಿ ಹೊಲದಲ್ಲೂ ಮಕ್ಕಳು ಒಂದೇ ಪ್ರಶ್ನೆ ಕೇಳುವುದು: ‘ನನ್ನ ವಯಸ್ಸಿನವರು ಇಲ್ಲಿ ಏನು ಕೆಲಸ ಮಾಡುತ್ತಿದ್ದರು?’ ಬರೀ ನೋಡುತ್ತಾ ಹೋದರೆ ಮಕ್ಕಳಿಗೆ ಬೇಗ ಬೇಸರ ಬರುತ್ತದೆ. ಈ ಪ್ರಶ್ನೆ ಕೇಳಿದಾಗಲಾದರೋ ಅಲ್ಲಿನವರು ಉತ್ತರ ಹೇಳುವುದರ ಜೊತೆಗೆ ಎಷ್ಟೋ ಸಲ ಕೆಲಸವನ್ನೇ ಮಕ್ಕಳ ಕೈಗೆ ಕೊಟ್ಟರು.

ಅಯೋವೇ ಹೊಲದಲ್ಲಿ ತೊಗಟೆ ಹೊದಿಸಿದ ಮನೆಗಳ ಪಕ್ಕದಲ್ಲೇ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಒಟ್ಟಿಗೆ ಬೆಳೆದಿದ್ದವು. ಮೆಕ್ಕೆಜೋಳದ ದಂಟು ಹುರುಳಿಕಾಯಿಯ ಬಳ್ಳಿಗೆ ಆಸರೆಯಾಗುತ್ತದೆ, ಬಳ್ಳಿಯ ಬೇರುಗಂಟುಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ, ಕುಂಬಳದ ಅಗಲವಾದ ಎಲೆಗಳು ನೆಲದ ತೇವ ಆರದಂತೆ ಕಾಯುತ್ತವೆ. ಅತ್ತೆಯವರಿಗೆ ಅಕ್ಕಡಿ ಸಾಲಿನ, ಅಂದರೆ ಒಂದೇ ಹೊಲದಲ್ಲಿ ಹಲವು ಬೆಳೆ ಒಟ್ಟಿಗೆ ಬೆಳೆಯುವ ಪದ್ಧತಿಯ, ತರ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಹೊಲ ಹೆಂಗಸರದಾಗಿತ್ತು ಎಂಬುದನ್ನೂ, ಅಲ್ಲಿನ ಕಾಡೆಮ್ಮೆಯ (ಬೈಸನ್) ಹೆಗಲಮೂಳೆಯನ್ನು ಕೋಲಿಗೆ ಕಟ್ಟಿ ಗುದ್ದಲಿ ಮಾಡಿಕೊಳ್ಳುತ್ತಿದ್ದರು ಎಂಬುದನ್ನೂ ಮಗಳು ಗಮನವಿಟ್ಟು ಕೇಳಿದಳು. ಅಲ್ಲಿಂದ ಮುಂದಿನ ಹೊಲಕ್ಕೆ ನಡೆಯುವಾಗ ನಾನು ಮಕ್ಕಳಿಗೆ ಒಂದು ಸಂಗತಿಯನ್ನು ಬೇಕೆಂದೇ ಹೇಳಿದೆ. 1838ರ ಒಪ್ಪಂದದಲ್ಲಿ ಅಯೋವೇ ಜನರು ಈ ಸೀಮೆಯಲ್ಲಿ ತಮಗೆ ಉಳಿದಿದ್ದ ನೆಲದ ಹಕ್ಕನ್ನೂ ಬಿಟ್ಟುಕೊಡಬೇಕಾಯಿತು. 1850ರ ಹೊಲ ಎದ್ದು ನಿಂತದ್ದು ಅದರ ನಂತರ. ಇದನ್ನು ತಿಳಿಯದೆ ಮೊದಲ ಹೊಲದಿಂದ ಎರಡನೆಯದಕ್ಕೆ ದಾಟುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ಹೆಚ್ಚು ಹೊತ್ತು ನಿಂತದ್ದು 1850ರ ಮರದ ದಿಮ್ಮಿಯ ಮನೆಯ ಬಳಿ, ಎತ್ತುಗಳ ಮುಂದೆ. ಇಲ್ಲಿನ ಎತ್ತುಗಳಿಗೆ ನಮ್ಮ ದೇಶಿ ತಳಿಗಳಂತೆ ಹಿಣಿಲು, ಅಂದರೆ ನೊಗಕ್ಕೆ ತಡೆಯಾಗಿ ನಿಲ್ಲುವ ಹೆಗಲ ಮೇಲಿನ ಉಬ್ಬು, ಇರುವುದಿಲ್ಲ. ಆದ್ದರಿಂದ ಬಗ್ಗಿಸಿದ ಮರದ ಬಳೆಯೊಂದು ಎತ್ತಿನ ಕೊರಳನ್ನು ಕೆಳಗಿನಿಂದ ಬಳಸಿ ಮೇಲೆ ನೊಗದ ರಂಧ್ರಗಳಲ್ಲಿ ಕೂತಿರುತ್ತದೆ. ಮೂಗುದಾರವೂ ಇಲ್ಲ, ಹೊಡೆಯುವವನು ಜೋಡಿಯ ಎಡಗಡೆ ನಡೆಯುತ್ತಾ ‘ಜೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ ತಿರುಗುತ್ತವೆ. ಅತ್ತೆಯವರು ಆ ಬಳೆಯ ಒಳಮೈಯನ್ನು ಬೆರಳಿನಿಂದ ಸವರಿ, ಎತ್ತಿನ ಕೊರಳಲ್ಲಿ ಹುಣ್ಣಾಗುವುದಿಲ್ಲವೇ ಎಂದು ಕೇಳಿದರು. ನಾನು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ದಾಟಿಸಿದೆ. ಬಳೆಯ ಅಳತೆ ಸರಿಯಿದ್ದು ಮರ ನುಣುಪಾಗಿದ್ದರೆ ಆಗುವುದಿಲ್ಲ ಎಂದ ಎತ್ತು ಹೊಡೆಯುತ್ತಿದ್ದ ಯುವಕ, ಬಳೆಗೂ ಕೊರಳಿಗೂ ನಡುವೆ ಕೈ ತೂರಿಸಿ, ಎಷ್ಟು ಜಾಗ ಬಿಡಬೇಕೆಂದು ತೋರಿಸಿದ. ಹಿರಿಯರನ್ನು ಇಂಥ ಕಡೆ ಕರೆದುಕೊಂಡು ಹೋಗುವವರು ಮಾತು ದಾಟಿಸುವ ಕೆಲಸಕ್ಕೆ ಧಾರಾಳವಾಗಿ ಸಮಯ ಇಟ್ಟುಕೊಳ್ಳಬೇಕು, ಏಕೆಂದರೆ ನಮಗೆ ಹೊಳೆಯದ ಪ್ರಶ್ನೆಗಳು ಅವರಲ್ಲಿರುತ್ತವೆ.

1900ರ ಹೊಲದಲ್ಲಿ ಎತ್ತಿನ ಜಾಗಕ್ಕೆ ಭಾರಿ ಗಾತ್ರದ ಪರ್ಶೆರಾನ್ ತಳಿಯ ಕುದುರೆಗಳು ಬಂದಿವೆ. ಮಗ ಮಾತ್ರ ಮೆಕ್ಕೆಜೋಳ ಬಿಡಿಸುವ ಕೈಯಂತ್ರವನ್ನು ಬಿಟ್ಟು ಕದಲಲಿಲ್ಲ. ಹಿಡಿ ತಿರುಗಿಸುತ್ತಾ ತೆನೆಯನ್ನು ಮೇಲಿನಿಂದ ಇಳಿಬಿಟ್ಟರೆ ಒಳಗಿನ ಹಲ್ಲಿನ ಚಕ್ರ ಕಾಳನ್ನು ಕಿತ್ತು ಕೆಳಗೆ ಉದುರಿಸುತ್ತದೆ, ಬರಿದಾದ ಬೆಂಡು ಬೇರೆಯಾಗಿ ಹೊರಬೀಳುತ್ತದೆ. ಆ ಕಾಲದ ಮನೆಗಳಲ್ಲಿ ಬೆಂಡನ್ನೂ ಬಿಸಾಡುತ್ತಿರಲಿಲ್ಲ, ಅದು ಒಲೆಗೆ ಉರುವಲಾಗುತ್ತಿತ್ತು.

ಟ್ರ್ಯಾಕ್ಟರ್ ಎಳೆಯುವ ಗಾಡಿ ಇದ್ದರೂ ನಡಿಗೆ ಸಾಕಷ್ಟಿದೆ, ಬಯಲಲ್ಲಿ ಬಿಸಿಲೂ ಜೋರು. ಟೋಪಿ, ನೀರು, ಗಟ್ಟಿಯಾದ ಶೂ ಅಗತ್ಯ. ಚಳಿಗಾಲದಲ್ಲಿ ಹೊಲಗಳು ತೆರೆದಿರುವುದಿಲ್ಲವಾದ್ದರಿಂದ ದಿನಾಂಕವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಪೇಟೆಗೆ ಬರುವಷ್ಟರಲ್ಲಿ ಎಲ್ಲರೂ ದಣಿದಿದ್ದರಿಂದ ಕಮ್ಮಾರನ ಅಂಗಡಿ, ಮುದ್ರಣಾಲಯ ಇವೆರಡನ್ನು ಮಾತ್ರ ನೋಡಿದೆವು. ಶಾಲೆ, ಚರ್ಚು, ದಿನಸಿ ಅಂಗಡಿಗಳನ್ನು ಮುಂದಿನ ಸಲಕ್ಕೆಂದು ಬಿಟ್ಟೆವು.